ವಿದ್ಯಾಶಾಲೆಯೂ ಕರ್ಮಶಾಲೆಯೂ

ಹತ್ತನೆಯ ತರಗತಿಯ ಫಲಿತಾಂಶವು ಪ್ರಕಟವಾದ ದಿನ ಮನೆಮನೆಯಲ್ಲಿಯೂ ಒಂದೇ ಪ್ರಶ್ನೆ ಏಳುವುದು: “ಮುಂದೆ ಮಕ್ಕಳನ್ನು ಯಾವ ದಾರಿಗೆ ಹಚ್ಚುವುದು?” ತಂದೆತಾಯಿಗಳು ಈ ಪ್ರಶ್ನೆಯನ್ನು ಮೊದಲು ಕೇಳುವುದು ಉಪಾಧ್ಯಾಯನನ್ನು. ಉಪಾಧ್ಯಾಯನಾದರೋ ಶಾಲೆಯನ್ನು ಬಿಟ್ಟು ಹೊರಗೆ ಕಾಲಿಟ್ಟವನಲ್ಲ. ಮೊದಲು ವಿದ್ಯಾರ್ಥಿಯಾಗಿ, ಅನಂತರ ಅಧ್ಯಾಪಕನಾಗಿ, ಅದೇ ನಾಲ್ಕು ಗೋಡೆಗಳ ನಡುವೆ ಆಯುಷ್ಯವನ್ನು ಕಳೆದವನು. ಲೋಕದ ಕಸಬುಗಳನ್ನು ಕುರಿತು ಅವನಾಡುವ ಮಾತು, ಸಮುದ್ರವನ್ನೇ ಕಾಣದವನು ಹಡಗಿಗೆ ದಾರಿ ಹೇಳಿದಂತೆ. ನಾನು ಮೂವತ್ತನಾಲ್ಕು ವರ್ಷ ಸಂಸ್ಕೃತವನ್ನೂ ಕನ್ನಡವನ್ನೂ ಪಾಠ ಹೇಳಿ ನಿವೃತ್ತನಾದವನು. ಅಷ್ಟು ಕಾಲವೂ ಈ ಪ್ರಶ್ನೆಗೆ ಧೈರ್ಯವಾಗಿ ಉತ್ತರ ಕೊಡುತ್ತಲೇ ಬಂದೆನು. ಆ ಉತ್ತರಗಳಲ್ಲಿ ಒಂದು ಕೇವಲ ತಪ್ಪಾಯಿತು. ಅದನ್ನೂ, ಅದರಿಂದ ನಾನು ತಡವಾಗಿ ಕಲಿತುದನ್ನೂ ಗೃಹಸ್ಥರಾದ ವಾಚಕರ ಮುಂದೆ ಇಡಬೇಕೆಂದು ಈ ಲೇಖನವನ್ನು ಬರೆಯುತ್ತಿದ್ದೇನೆ.

೨೦೦೧ನೆಯ ಇಸವಿಯ ಮಾತು. ನಾನಿದ್ದ ಪ್ರೌಢಶಾಲೆಯ ವಾರ್ಷಿಕೋತ್ಸವಕ್ಕೆ ಸಮೀಪದ ಪಟ್ಟಣದಿಂದ ಒಂದು ಕಾರ್ಯಾಗಾರದ ಯಜಮಾನರು ಅತಿಥಿಗಳಾಗಿ ಬಂದಿದ್ದರು. ಯಂತ್ರದ ಬಿಡಿಭಾಗಗಳನ್ನು ಕಡೆದು ಕೊಡುವುದು ಅವರ ಉದ್ಯಮ. ಅವರು ಭಾಷಣದ ಕೊನೆಯಲ್ಲಿ, “ಬಡತನದಿಂದ ಓದು ನಿಲ್ಲಿಸುವ ಹುಡುಗರನ್ನು ನನ್ನಲ್ಲಿಗೆ ಕಳುಹಿಸಿರಿ; ಕೆಲಸ ಕಲಿಸುವ ಹೊಣೆ ನನ್ನದು” ಎಂದರು. ನಾವೆಲ್ಲರೂ ಕೈತಟ್ಟಿದೆವು. ಇನ್ನೊಂದು ಹಾರವನ್ನೂ ಹಾಕಿದೆವು. ಆ ವರ್ಷ ಹತ್ತನೆಯ ತರಗತಿಯನ್ನು ಮುಗಿಸಿದ ಒಬ್ಬ ಹುಡುಗನಿದ್ದನು. ಅವನ ತಂದೆ ಮಂಡಿಯಲ್ಲಿ ಮೂಟೆ ಹೊರುವವನು. ಹುಡುಗನು ಶಬ್ದರೂಪಗಳಲ್ಲಿ ಮಂದನಾದರೂ ಕೈಚಳಕದಲ್ಲಿ ಜಾಣ. ಶಾಲೆಯ ನೀರೆತ್ತುವ ಯಂತ್ರವು ಕೆಟ್ಟಾಗ ಬಿಚ್ಚಿ ನೋಡಿ ಸರಿಪಡಿಸಿದವನು ಅವನೇ. ನಾನು ಅವನನ್ನು ಆರಿಸಿ, ಅವನ ತಂದೆಗೆ ಸಮಾಧಾನ ಹೇಳಿ, ಸ್ವತಃ ಬಸ್ಸಿನಲ್ಲಿ ಕರೆದೊಯ್ದು ಆ ಯಜಮಾನರಿಗೆ ಒಪ್ಪಿಸಿ ಬಂದೆನು. ಕಾಗದವಿಲ್ಲ, ಪತ್ರವಿಲ್ಲ, ಅವಧಿಯ ಮಾತಿಲ್ಲ. ಒಂದು ಸತ್ಕಾರ್ಯ ಮಾಡಿದೆನೆಂದು ತೃಪ್ತನಾಗಿ ಹಿಂದಿರುಗಿದೆನು.

ಎಂಟು ತಿಂಗಳಾದ ಮೇಲೆ ಜಾತ್ರೆಯಲ್ಲಿ ಹುಡುಗನು ಕಂಡನು. ಕೈಗಳು ಮಸಿಹಿಡಿದಿದ್ದುವು; ಮುಖ ಸೊರಗಿತ್ತು. “ಏನು ಕಲಿತೆಯಪ್ಪಾ? ಲೇತ್ ಯಂತ್ರವನ್ನು ನಡೆಸುವುದಕ್ಕೆ ಬರುವುದೇ?” ಎಂದು ಕೇಳಿದೆನು. “ಅದನ್ನು ಒರೆಸುತ್ತೇನೆ, ಸಾರ್” ಎಂದನು. ಅವನು ಅದನ್ನು ದೂರಿನಂತೆ ಹೇಳಲಿಲ್ಲ. ಕೇಳಿದುದಕ್ಕೆ ಉತ್ತರವಾಗಿ ಹೇಳಿದನು, ಅಷ್ಟೆ. ಮತ್ತೆ ಮತ್ತೆ ಕೇಳಿದ ಮೇಲೆ ತಿಳಿದುಬಂದಿತು: ಬೆಳಗ್ಗೆ ಕಸ ಗುಡಿಸುವುದು, ಹತ್ತು ಗಂಟೆಗೆ ಚಹ ತರುವುದು, ಕಬ್ಬಿಣದ ಸಿಪ್ಪೆಯನ್ನು ಹೊತ್ತು ಹಾಕುವುದು, ಸಂಜೆ ಯಜಮಾನರ ಮನೆಗೆ ತರಕಾರಿ ಮುಟ್ಟಿಸುವುದು. ಎಂಟು ತಿಂಗಳಲ್ಲಿ ಒಂದು ಅಳತೆಯ ಉಪಕರಣವನ್ನೂ ಅವನ ಕೈಗೆ ಯಾರೂ ಕೊಟ್ಟಿರಲಿಲ್ಲ. “ಇದನ್ನು ನನಗೆ ಹೇಳಬಾರದಾಗಿತ್ತೇ?” ಎಂದೆನು. “ನೀವೇ ಕರೆದುಕೊಂಡು ಹೋಗಿ ಬಿಟ್ಟ ಜಾಗ. ಬಿಟ್ಟು ಬಂದರೆ ನಿಮ್ಮ ಮಾತಿಗೆ ಕುಂದು ಎಂದು ಸುಮ್ಮನಿದ್ದೆ” ಎಂದನು.

ಆ ಎಂಟು ತಿಂಗಳಲ್ಲಿ ನಾನು ಹದಿನೈದು ದಿನಕ್ಕೊಮ್ಮೆ ಪಟ್ಟಣದ ಗ್ರಂಥಾಲಯಕ್ಕೆ ಹೋಗುತ್ತಿದ್ದೆನು. ಕಾರ್ಯಾಗಾರವು ಅದೇ ದಾರಿಯಲ್ಲಿದ್ದಿತು. ಒಂದು ದಿನವಾದರೂ ಒಳಗೆ ಹೋಗಿ ನೋಡಲಿಲ್ಲ. ಯಜಮಾನರನ್ನು ದೂಷಿಸುವುದು ಸುಲಭ. ಅವರಲ್ಲಿ ದುರುದ್ದೇಶವಿದ್ದಿತೆಂದು ನಾನು ಈಗಲೂ ಹೇಳಲಾರೆನು. ಕೆಲಸದ ಒತ್ತಡದಲ್ಲಿ ಕಲಿಸುವುದು ನಾಳೆಗೆ ಬಿದ್ದಿತು. ನಾಳೆ ಎಂಬುದು ಎಂಟು ತಿಂಗಳಾಯಿತು. ಆದರೆ ಆ ನಾಳೆಯನ್ನು ಇಂದಿಗೆ ಎಳೆಯತಕ್ಕವನು ಒಬ್ಬನು ಬೇಕಾಗಿದ್ದನಷ್ಟೆ? ಅವನು ನಾನಾಗಬೇಕಾಗಿತ್ತು.

ಹುಡುಗನು ದೈವವಶಾತ್ ಮುಂದಿನ ವರ್ಷ ಸರ್ಕಾರದ ಕೈಗಾರಿಕಾ ತರಬೇತಿ ಸಂಸ್ಥೆಯನ್ನು ಸೇರಿ, ಕಸಬನ್ನು ಕ್ರಮವಾಗಿ ಕಲಿತು, ಹಲವು ವರ್ಷ ದುಡಿದು, ಈಗ ತನ್ನದೇ ಆದ ಚಿಕ್ಕ ಕಾರ್ಯಾಗಾರವನ್ನು ನಡೆಸುತ್ತಿದ್ದಾನೆ. ಆರು ಮಂದಿ ಕೆಲಸಗಾರರಿದ್ದಾರೆ. ಕಳೆದ ಯುಗಾದಿಯ ಮರುದಿನ ಹಣ್ಣುಹಂಪಲುಗಳೊಡನೆ ನಮ್ಮ ಮನೆಗೆ ಬಂದನು. ಬಂದವನು ಹೇಳಿದನು: “ನಮ್ಮೂರಿನ ಇಬ್ಬರು ಮಕ್ಕಳನ್ನು ಕೆಲಸ ಕಲಿಯುವುದಕ್ಕೆ ತೆಗೆದುಕೊಳ್ಳಬೇಕೆಂದಿದ್ದೇನೆ. ನನಗೂ ಒತ್ತಡವಿದೆ, ನನಗೂ ಚಹ ತರುವವರು ಬೇಕು. ಹಿಂದೆ ನನಗಾದುದು ಅವರಿಗೆ ಆಗದಂತೆ ಏನು ಮಾಡಬೇಕು, ಹೇಳಿರಿ.”

ನನಗೆ ಉತ್ತರ ತಿಳಿಯಲಿಲ್ಲ. ಒಂದು ತಿಂಗಳು ಅವಕಾಶ ಕೇಳಿ ಪುಸ್ತಕಗಳನ್ನು ಹುಡುಕಿದೆನು. ಉತ್ತರವು ಎರಡು ಕಡೆ ದೊರೆಯಿತು. ಒಂದು ನಾನು ಎಳೆತನದಲ್ಲಿ ಓದಿ ಮರೆತುಬಿಟ್ಟಿದ್ದ ಗ್ರಂಥ. ಇನ್ನೊಂದು ನಾನೆಂದೂ ಕಾಣದ ದೇಶ.

ಗ್ರಂಥವು ನಾರದಸ್ಮೃತಿ. ಅದರಲ್ಲಿ ‘ಅಭ್ಯುಪೇತ್ಯಾಶುಶ್ರೂಷಾ’ ಎಂಬ ವ್ಯವಹಾರಪದದ ಕೆಳಗೆ, ಎಂದರೆ ಸೇವೆಯನ್ನು ಒಪ್ಪಿಕೊಂಡು ನಡೆಸದಿರುವ ವಿವಾದಗಳ ಪ್ರಕರಣದಲ್ಲಿ, ಅಂತೇವಾಸಿಯ ವಿಚಾರವು ಬಂದಿದೆ. ಅಂತೇವಾಸಿಯೆಂದರೆ ಇಲ್ಲಿ ವೇದವನ್ನೋದುವ ಬ್ರಹ್ಮಚಾರಿಯಲ್ಲ. ಶಿಲ್ಪವನ್ನು, ಎಂದರೆ ಕೈಕಸಬನ್ನು, ಕಲಿಯಲು ಆಚಾರ್ಯನಲ್ಲಿ ವಾಸಿಸುವವನು. ಅವನು ಬಂಧುಗಳ ಅನುಮತಿಯನ್ನು ಪಡೆದಿರಬೇಕು; ಎಷ್ಟು ಕಾಲವೆಂಬುದನ್ನು ಮೊದಲೇ ನಿಶ್ಚಯಿಸಿಕೊಳ್ಳಬೇಕು. ಆಚಾರ್ಯನು ತನ್ನ ಮನೆಯಲ್ಲಿ ಅನ್ನವಿಕ್ಕಿ ಕಲಿಸಬೇಕು, ಮಗನಂತೆ ನಡೆಸಿಕೊಳ್ಳಬೇಕು, ಕಲಿಯಬಂದ ಕಸಬನ್ನು ಬಿಟ್ಟು ಬೇರೆ ಕೆಲಸವನ್ನು ಅವನಿಂದ ಮಾಡಿಸಕೂಡದು. ಈ ಕೊನೆಯ ನಿಯಮವನ್ನು ಓದಿದಾಗ ನನಗೆ ಚಹದ ಲೋಟಗಳೂ ತರಕಾರಿಯ ಚೀಲವೂ ಕಣ್ಣಮುಂದೆ ಬಂದುವು.

ಆ ಸ್ಮೃತಿಯ ಎಲ್ಲವನ್ನೂ ಇಂದು ಒಪ್ಪಲಾಗದೆಂಬುದನ್ನೂ ಹೇಳಬೇಕು. ದೋಷವಿಲ್ಲದ ಆಚಾರ್ಯನನ್ನು ಬಿಟ್ಟುಹೋದ ಶಿಷ್ಯನನ್ನು ಬಲವಂತದಿಂದ ನಿಲ್ಲಿಸಬಹುದೆಂದೂ ದಂಡಿಸಬಹುದೆಂದೂ ಅಲ್ಲಿದೆ. ಅಲ್ಲಿ ಕಲಿಯುವುದು ಕುಲದ ಕಸಬನ್ನು. ನಮಗೆ ಇಂದು ಬೇಕಾದುದು ಯಾವ ಮನೆಯ ಮಗುವಿಗಾದರೂ ಯಾವ ಕಸಬಾದರೂ ತೆರೆದಿರುವ ಬಾಗಿಲು. ಆದರೂ ಕಲಿಯುವವನಿಗೂ ದುಡಿಯುವ ಆಳಿಗೂ ಭೇದವುಂಟೆಂದು ಅಷ್ಟು ಹಿಂದೆಯೇ ಕಂಡುಕೊಂಡ ವಿವೇಕವು ದೊಡ್ಡದು.

ದೇಶವು ಜರ್ಮನಿ. ಅಲ್ಲಿಯ ಮ್ಯೂನಿಕ್ ನಗರದಲ್ಲಿ ಗಿಯೋರ್ಗ್ ಕೆರ್ಷೆನ್‌ಸ್ಟೈನರ್ ಎಂಬ ಗಣಿತದ ಉಪಾಧ್ಯಾಯರಿದ್ದರು. ಅವರ ಜನನ ೧೮೫೪, ಮರಣ ೧೯೩೨. ೧೮೯೫ರಿಂದ ೧೯೧೯ರವರೆಗೆ ಅವರು ಆ ನಗರದ ಶಾಲೆಗಳ ಮೇಲಧಿಕಾರಿಗಳಾಗಿದ್ದರು. ಪ್ರಾಥಮಿಕ ಶಾಲೆಯನ್ನು ಬಿಟ್ಟು ಕಸಬಿಗೆ ಸೇರಿದ ಹುಡುಗರಿಗಾಗಿ ಆ ಕಾಲದಲ್ಲಿ ಮುಂದುವರಿಕೆಯ ಶಾಲೆಗಳೆಂಬುವಿದ್ದುವು. ಅಲ್ಲಿ ಹಳೆಯ ಪಾಠಗಳನ್ನೇ ಮತ್ತೆ ಒಪ್ಪಿಸುತ್ತಿದ್ದುದರಿಂದ ದಣಿದು ಬಂದ ಹುಡುಗರು ತೂಕಡಿಸುತ್ತಿದ್ದರು. ಕೆರ್ಷೆನ್‌ಸ್ಟೈನರರು ೧೯೦೦ರಿಂದ ಮುಂದಕ್ಕೆ ಆ ಶಾಲೆಗಳನ್ನು ಕಸಬಿಗೊಂದರಂತೆ ವಿಂಗಡಿಸಿದರು. ಶಾಲೆಯೊಳಗೇ ಕರ್ಮಶಾಲೆಗಳನ್ನು ಕಟ್ಟಿಸಿದರು. ಆಯಾ ಕಸಬಿನ ಯಜಮಾನರ ಸಂಘಗಳನ್ನು ಜೊತೆಗೆ ಸೇರಿಸಿಕೊಂಡರು. ಬಡಗಿಯ ಹುಡುಗನಿಗೆ ಲೆಕ್ಕವು ಮರದ ಅಳತೆಯಿಂದಲೇ ಆರಂಭವಾಯಿತು. ಶಾಲೆಯೂ ಉದ್ಯಮವೂ ಒಬ್ಬ ಹುಡುಗನ ಎರಡು ಕೈಗಳನ್ನು ಹಿಡಿದು ನಡೆಸುವ ಪದ್ಧತಿಗೆ ಇದು ಬೇರುಗಳಲ್ಲೊಂದು.

ಈಗ ಅಲ್ಲಿ ನಡೆಯುತ್ತಿರುವ ಕ್ರಮವನ್ನು ‘ದ್ವಿಮುಖ ಶಿಕ್ಷಣ’ವೆಂದು ಕರೆಯಬಹುದು. ೧೯೬೯ರಲ್ಲಿ ಅದಕ್ಕೆ ಒಂದು ಶಾಸನವಾಯಿತು. ೨೦೦೫ರಲ್ಲಿಯೂ ೨೦೨೦ರಲ್ಲಿಯೂ ಅದನ್ನು ತಿದ್ದಿ ಬೆಳೆಯಿಸಿದರು. ಸುಮಾರು ೩೨೫ ಕಸಬುಗಳು ಅದರಲ್ಲಿ ಸೇರಿವೆ. ರೊಟ್ಟಿ ಸುಡುವುದರಿಂದ ಹಿಡಿದು ಯಂತ್ರಗಳ ವಿದ್ಯುತ್ತಿನ ಕೆಲಸದವರೆಗೆ. ಅವಧಿಯು ಕಸಬಿಗೆ ತಕ್ಕಂತೆ ೨ರಿಂದ ಮೂರೂವರೆ ವರ್ಷ. ವಾರದಲ್ಲಿ ಮೂರು ನಾಲ್ಕು ದಿನ ಉದ್ಯಮದಲ್ಲಿ ಕೆಲಸ, ಒಂದೆರಡು ದಿನ ಶಾಲೆಯಲ್ಲಿ ಪಾಠ. ಕೆಲವೆಡೆ ಕೆಲವು ವಾರ ಒಂದೇ ಸಮನೆ ಶಾಲೆ, ಅನಂತರ ಕೆಲಸ. ಒಪ್ಪಂದವು ಬರಹದಲ್ಲಿರಬೇಕು, ಹುಡುಗನು ಅಪ್ರಾಪ್ತವಯಸ್ಕನಾದರೆ ಪೋಷಕರ ಒಪ್ಪಿಗೆಯೂ ಬೇಕು. ಮೊದಲನೆಯ ೧ರಿಂದ ೪ ತಿಂಗಳು ಪರೀಕ್ಷಾಕಾಲ. ಸರಿಹೊಂದದಿದ್ದರೆ ಆಗ ಇಬ್ಬರೂ ಬಿಡಬಹುದು. ಕಲಿಯುವವನಿಗೆ ವೇತನವುಂಟು, ಅದು ವರ್ಷವರ್ಷಕ್ಕೆ ಏರಬೇಕು. ಉಪಕರಣಗಳನ್ನು ಯಜಮಾನನು ಬೆಲೆಯಿಲ್ಲದೆ ಒದಗಿಸಬೇಕು; ಶಾಲೆಯ ದಿನಗಳಲ್ಲಿ ಅವನನ್ನು ಬಿಟ್ಟುಕೊಡಬೇಕು. ಇನ್ನು ಮುಖ್ಯವಾದ ನಿಯಮ: ಕಲಿಕೆಯ ಉದ್ದೇಶಕ್ಕೆ ಸಲ್ಲುವ, ಅವನ ಶರೀರದ ಶಕ್ತಿಗೆ ತಕ್ಕ ಕೆಲಸಗಳನ್ನು ಮಾತ್ರ ಅವನಿಗೆ ಒಪ್ಪಿಸಬಹುದು. ನಾರದನು ಹೇಳಿದುದೂ ಇದೇ ಅಲ್ಲವೇ? ದೇಶಕಾಲಗಳು ಅಷ್ಟು ದೂರವಾದರೂ ಅನುಭವವು ಒಂದೇ ಎಡೆಗೆ ಬಂದು ನಿಂತಿದೆ.

ಕಲಿಯುವವನು ಒಂದು ವರದಿಯ ಪುಸ್ತಕವನ್ನೂ ಇಡಬೇಕು. ಯಾವ ಕೆಲಸ ಮಾಡಿದೆನು, ಏನು ತಿಳಿದೆನು ಎಂದು ಅದರಲ್ಲಿ ಬರೆಯುವನು. ಕಲಿಸುವವನು ಓದಿ ಸಹಿ ಹಾಕುವನು. ಈ ಒಂದು ಪುಸ್ತಕವು ನನ್ನ ಶಿಷ್ಯನ ಕೈಯಲ್ಲಿ ೨೦೦೧ರಲ್ಲಿ ಇದ್ದಿದ್ದರೆ ಮೊದಲನೆಯ ವಾರದಲ್ಲಿಯೇ “ಕಸ ಗುಡಿಸಿದೆನು” ಎಂಬ ವಾಕ್ಯವು ನನ್ನ ಕಣ್ಣಿಗೆ ಬೀಳುತ್ತಿತ್ತು.

ಇಷ್ಟೆಲ್ಲ ಇದ್ದರೂ ನನ್ನ ಮನಸ್ಸನ್ನು ಹೆಚ್ಚಾಗಿ ಸೆಳೆದುದು ಪರೀಕ್ಷೆಯ ವ್ಯವಸ್ಥೆ. ಕಲಿಸಿದ ಯಜಮಾನನೇ ತನ್ನ ಶಿಷ್ಯನನ್ನು ಉತ್ತೀರ್ಣನೆಂದು ಹೇಳುವಂತಿಲ್ಲ. ಕೈಗಾರಿಕಾ ವಾಣಿಜ್ಯ ಮಂಡಲಿಗಳೂ ಕುಶಲಕರ್ಮಿಗಳ ಮಂಡಲಿಗಳೂ ಪರೀಕ್ಷಕ ಸಮಿತಿಗಳನ್ನು ನೇಮಿಸುವುವು. ಸಮಿತಿಯಲ್ಲಿ ಕನಿಷ್ಠ ಮೂವರು ಇರಬೇಕು: ಯಜಮಾನರ ಪಕ್ಷದವರೂ ಕೆಲಸಗಾರರ ಪಕ್ಷದವರೂ ಸಮಸಂಖ್ಯೆಯಲ್ಲಿ, ಅವರೊಡನೆ ವೃತ್ತಿಶಾಲೆಯ ಉಪಾಧ್ಯಾಯರೊಬ್ಬರಾದರೂ. ಈ ಪರೀಕ್ಷಕರ ಕೆಲಸವು ಗೌರವಸೇವೆ. ದಾರಿಯ ಖರ್ಚು, ಕಳೆದ ಹೊತ್ತಿಗೆ ಒಂದಿಷ್ಟು ಪರಿಹಾರ, ಇಷ್ಟೇ ಹೊರತು ಸಂಬಳವಿಲ್ಲ. ತನ್ನ ಅಂಗಡಿಯ ಕೆಲಸವನ್ನು ಬದಿಗಿಟ್ಟು ಬಂದ ಬಡಗಿಯು ಯಾರದೋ ಮಗನು ಮಾಡಿದ ಬಾಗಿಲಿನ ಸಂದನ್ನು ಬೆರಳಿನಿಂದ ತಡವಿ ನೋಡುವನು. ಇಂಥವರು ಹಿಂದೆಗೆದರೆ ಆ ದೊಡ್ಡ ವ್ಯವಸ್ಥೆಯು ನಡೆಯಲಾರದು.

ಇಲ್ಲಿಗೆ ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿತು. ಶಾಲೆಯು ಹುಡುಗನನ್ನು ಕೊಡುವುದು. ಉದ್ಯಮವು ಕೆಲಸವನ್ನು ಕೊಡುವುದು. ಇವೆರಡರ ನಡುವೆ, ಲಾಭವನ್ನೂ ಅಪೇಕ್ಷಿಸದೆ ಸಂಬಳವನ್ನೂ ಅಪೇಕ್ಷಿಸದೆ, “ಈ ವಾರ ಏನು ಕಲಿತೆ?” ಎಂದು ಕೇಳುವ ಮೂರನೆಯವನೊಬ್ಬನು ಬೇಕು. ಅವನಿಲ್ಲದಿದ್ದರೆ ಸಹಕಾರವೆಂಬುದು ಹಾರತುರಾಯಿಗಳಲ್ಲಿ ಮುಗಿಯುವುದು, ಇಲ್ಲವೇ ಅಗ್ಗದ ಕೂಲಿಯಾಗಿ ಪರಿಣಮಿಸುವುದು. ಸ್ಮೃತಿಯ ಕಾಲದಲ್ಲಿ ಆ ಸ್ಥಾನದಲ್ಲಿ ಅನುಮತಿಯನ್ನು ಕೊಟ್ಟ ಬಂಧುಗಳಿದ್ದರು. ಜರ್ಮನಿಯಲ್ಲಿ ಶಾಲೆಯ ಉಪಾಧ್ಯಾಯನೂ ಮಂಡಲಿಯೂ ಪರೀಕ್ಷಕರೂ ಇದ್ದಾರೆ. ನನ್ನ ಶಿಷ್ಯನಿಗೆ ಯಾರೂ ಇರಲಿಲ್ಲ.

ಜರ್ಮನಿಯ ಪದ್ಧತಿಯಲ್ಲಿಯೂ ಕೊರತೆಗಳುಂಟು. ಅಲ್ಲಿಯ ಉದ್ಯಮಗಳಲ್ಲಿ ಸುಮಾರು ಐದರಲ್ಲಿ ಒಂದು ಮಾತ್ರ ಹೀಗೆ ಶಿಷ್ಯರನ್ನು ತೆಗೆದುಕೊಳ್ಳುವುದು. ಬಹುಪಾಲು ಪ್ರಾಂತಗಳಲ್ಲಿ ನಾಲ್ಕನೆಯ ತರಗತಿಯಾದೊಡನೆಯೇ, ಎಂದರೆ ಸುಮಾರು ಹತ್ತನೆಯ ವಯಸ್ಸಿಗೆ, ಮಕ್ಕಳನ್ನು ಬೇರೆ ಬೇರೆ ಬಗೆಯ ಶಾಲೆಗಳಿಗೆ ಕಳುಹಿಸುವುದುಂಟು. ಇದರಿಂದ ಬಡವರ ಮಕ್ಕಳಿಗೆ ಮೇಲಿನ ದಾರಿ ಕಿರಿದಾಗುವುದೆಂದು ಅಲ್ಲಿಯವರೇ ಆಕ್ಷೇಪಿಸುವರು. ಆದಕಾರಣ ಅದನ್ನು ಹಾಗೆಯೇ ತಂದು ಇಲ್ಲಿ ನೆಡಬೇಕೆಂದು ನಾನು ಹೇಳುವುದಿಲ್ಲ. ಗಿಡವನ್ನಲ್ಲ, ಬೀಜವನ್ನು ತರಬೇಕು.

ನಮ್ಮ ದೇಶದಲ್ಲಿ ಕಾನೂನಿಲ್ಲವೆಂದು ಯಾರೂ ಭಾವಿಸಬಾರದು. ೧೯೬೧ರಲ್ಲಿಯೇ ಅಪ್ರೆಂಟಿಸ್ ಕಾಯಿದೆಯಾಗಿದೆ. ಅಪ್ರೆಂಟಿಸರನ್ನು ಕನ್ನಡದ ಕಾಗದಪತ್ರಗಳಲ್ಲಿ ‘ಶಿಶಿಕ್ಷು’ಗಳೆಂದು ಕರೆಯುವರು. ಆ ಕಾಯಿದೆಯಂತೆ ಶಿಶಿಕ್ಷುವು ಕಲಿಯುವವನೇ ಹೊರತು ಕೆಲಸದಾಳಲ್ಲ. ಒಪ್ಪಂದವನ್ನು ಬರೆದು ನೋಂದಾಯಿಸಬೇಕು. ನಿಗದಿಯಾದ ವಿದ್ಯಾರ್ಥಿವೇತನವನ್ನು ಕೊಡಬೇಕು. ಮಾಡಿದ ವಸ್ತುಗಳ ಎಣಿಕೆಯ ಮೇಲೆ ಕೂಲಿ ಕೊಡಕೂಡದು. ಅವನ ಪ್ರಗತಿಯ ದಾಖಲೆಯನ್ನು ಯಜಮಾನನು ಇಡಬೇಕು. ಕಲಿಯುವಾಗ ಗಾಯವಾದರೆ ಪರಿಹಾರ ಕೊಡಬೇಕು. ೨೦೧೯ರ ತಿದ್ದುಪಡಿಯ ನಿಯಮಗಳಂತೆ ೩೦ ಅಥವಾ ಹೆಚ್ಚು ಜನರು ದುಡಿಯುವ ಸಂಸ್ಥೆಗಳು ತಮ್ಮ ಬಲದ ನೂರಕ್ಕೆ ೨.೫ರಿಂದ ೧೫ರಷ್ಟು ಶಿಶಿಕ್ಷುಗಳನ್ನು ತೆಗೆದುಕೊಳ್ಳಲೇಬೇಕು. ನಾಲ್ವರಿರುವ ಚಿಕ್ಕ ಸಂಸ್ಥೆಯೂ ಇಷ್ಟವಿದ್ದರೆ ತೆಗೆದುಕೊಳ್ಳಬಹುದು. ೨೦೨೦ರ ರಾಷ್ಟ್ರೀಯ ಶಿಕ್ಷಣ ನೀತಿಯು ಆರರಿಂದ ಎಂಟನೆಯ ತರಗತಿಯ ಮಕ್ಕಳು ಹತ್ತು ದಿನ ಪುಸ್ತಕದ ಚೀಲವಿಲ್ಲದೆ ಊರಿನ ಬಡಗಿ, ತೋಟಗಾರ, ಕುಂಬಾರ ಮೊದಲಾದವರ ಬಳಿ ಇದ್ದು ಕೆಲಸವನ್ನು ಕಾಣಬೇಕೆಂದು ಸೂಚಿಸಿತು. ಹತ್ತೊಂಬತ್ತರಿಂದ ಇಪ್ಪತ್ತನಾಲ್ಕು ವರ್ಷದ ದುಡಿಯುವವರಲ್ಲಿ ಕ್ರಮಬದ್ಧ ವೃತ್ತಿಶಿಕ್ಷಣ ಪಡೆದವರು ಭಾರತದಲ್ಲಿ ನೂರಕ್ಕೆ ೫ಕ್ಕಿಂತ ಕಡಿಮೆಯೆಂದೂ, ಜರ್ಮನಿಯಲ್ಲಿ ೭೫ ಎಂದೂ ಹಿಂದಿನ ಪಂಚವಾರ್ಷಿಕ ಯೋಜನೆಯ ಅಂದಾಜನ್ನು ಅದೇ ನೀತಿಪತ್ರವು ಎತ್ತಿ ತೋರಿಸಿತು. ಶಾಸನವು ಅರವತ್ತು ವರ್ಷ ಹಳೆಯದು, ಫಲವು ಇಷ್ಟು. ಕಾಗದದ ಮೇಲಿನ ನಿಯಮವು ನಡೆಯುತ್ತಿದೆಯೇ ಎಂದು ಬಾಗಿಲಲ್ಲಿ ನಿಂತು ನೋಡುವ ಜನರು ಸಾಲದಾಗಿರುವುದೂ ಇದಕ್ಕೆ ಒಂದು ಕಾರಣವೆಂದು ನನ್ನ ನಂಬಿಕೆ.

ಒಂದು ತಿಂಗಳಾದ ಮೇಲೆ ಶಿಷ್ಯನನ್ನು ಕರೆಸಿ ಇಷ್ಟನ್ನೂ ಹೇಳಿದೆನು. ನಾವಿಬ್ಬರೂ ಕುಳಿತು ನಾಲ್ಕು ಮಾತುಗಳನ್ನು ಗೊತ್ತುಮಾಡಿದೆವು. ಒಪ್ಪಂದವನ್ನು ಕಾಯಿದೆಯಂತೆ ನೋಂದಾಯಿಸುವುದು, ಅದನ್ನು ತಂದೆತಾಯಿಗಳ ಎದುರಿಗೆ ಕನ್ನಡದಲ್ಲಿ ಓದಿ ಹೇಳುವುದು. ಪ್ರತಿದಿನವೂ ಒಂದು ಗಂಟೆ ಬರಿಯ ಕಲಿಕೆಗೆ ಮೀಸಲು. ಆ ಹೊತ್ತಿನಲ್ಲಿ ಗಿರಾಕಿ ಬಂದರೂ ಕಾಯತಕ್ಕದ್ದು. ದಿನಚರಿಯ ಪುಸ್ತಕವನ್ನು ಇಡುವುದು. ಆರು ತಿಂಗಳಿಗೊಮ್ಮೆ ಹೊರಗಿನ ಇಬ್ಬರು ಕಸಬುದಾರರಿಂದ ಪರೀಕ್ಷೆ ಮಾಡಿಸುವುದು. ಕಸ ಗುಡಿಸುವುದೋ? ಯಜಮಾನನನ್ನೂ ಸೇರಿಸಿ ಎಲ್ಲರೂ ಸರದಿಯಂತೆ ಗುಡಿಸುವುದೆಂದು ಅವನೇ ಹೇಳಿದನು. ಚಹವನ್ನು ತಾನೇ ತರುವೆನೆಂದು ನಕ್ಕನು.

ಹದಿನೆಂಟು ತುಂಬಿದ ಇಬ್ಬರು ಬಂದರು. ಒಬ್ಬ ಹುಡುಗ, ಒಬ್ಬಳು ಹುಡುಗಿ. ಹುಡುಗಿಯ ತಾಯಿಯು ಒಪ್ಪಂದವನ್ನು ಕೇಳಿದ ಮೇಲೆ ಎರಡು ಪ್ರಶ್ನೆಗಳನ್ನು ಕೇಳಿದಳು: ಹೆಣ್ಣುಮಕ್ಕಳಿಗೆ ಶೌಚದ ಅನುಕೂಲವಿದೆಯೇ? ಸಂಜೆ ಎಷ್ಟು ಹೊತ್ತಿಗೆ ಬಿಡುತ್ತೀರಿ? ನಾವಿಬ್ಬರೂ ಒಬ್ಬರ ಮುಖವನ್ನೊಬ್ಬರು ನೋಡಿಕೊಂಡೆವು. ನಮ್ಮ ನಾಲ್ಕು ಮಾತುಗಳಲ್ಲಿ ಇವೆರಡೂ ಇರಲಿಲ್ಲ. ಶೌಚಾಲಯವನ್ನು ಕಟ್ಟಿಸುವವರೆಗೆ, ಮೂರು ವಾರ, ಆರಂಭವನ್ನು ಮುಂದಕ್ಕೆ ಹಾಕಬೇಕಾಯಿತು. ಬಂಧುಗಳ ಅನುಮತಿ ಬೇಕೆಂದು ಹಿಂದಿನವರು ಏಕೆ ಹೇಳಿದರೆಂಬುದು ಆಗ ನನಗೆ ಚೆನ್ನಾಗಿ ತಿಳಿಯಿತು.

ಆದುದರಿಂದ ಗೃಹಸ್ಥರಲ್ಲಿ ನನ್ನ ವಿಜ್ಞಾಪನೆ. ಮಕ್ಕಳನ್ನು ಯಾವ ಉದ್ಯಮಕ್ಕಾದರೂ ಕಲಿಯಲು ಕಳುಹಿಸುವಾಗ ಸಂಕೋಚಪಡದೆ ಕೇಳಿರಿ: ಅವಧಿ ಎಷ್ಟು? ಕಲಿಸುವವರು ಯಾರು? ಒಪ್ಪಂದವು ನೋಂದಣಿಯಾಗಿದೆಯೇ? ವೇತನವೆಷ್ಟು? ಗಾಯವಾದರೆ ಹೊಣೆ ಯಾರು? ಕೊನೆಗೆ ಯಾವ ಪ್ರಮಾಣಪತ್ರ ಸಿಕ್ಕುವುದು? ಉಪಕಾರ ಮಾಡುವವರನ್ನು ಪ್ರಶ್ನಿಸುವುದು ಮರ್ಯಾದೆಯಲ್ಲವೆಂದು ನಾವು ತಿಳಿಯುವೆವು. ಒಳ್ಳೆಯ ಯಜಮಾನನು ಈ ಪ್ರಶ್ನೆಗಳಿಂದ ಬೇಸರಗೊಳ್ಳನು. ಬೇಸರಗೊಂಡರೆ ಅದೇ ನಿಮಗೆ ಉತ್ತರವಾಯಿತು.

ಇನ್ನು ನನ್ನಂತೆ ನಿವೃತ್ತರಾದವರಿಗೆ ಒಂದು ಮಾತು. ನಮ್ಮ ಊರುಗಳಲ್ಲಿ ಲೆಕ್ಕಪತ್ರ ಬಲ್ಲ ಬ್ಯಾಂಕಿನ ನೌಕರರಿದ್ದಾರೆ. ಔಷಧಗಳನ್ನು ಬಲ್ಲ ದಾದಿಯರಿದ್ದಾರೆ. ವಿದ್ಯುತ್ತಿನ ಕೆಲಸದಲ್ಲಿ ಕೂದಲು ನರೆತವರಿದ್ದಾರೆ. ವಾರಕ್ಕೆ ಎರಡು ಗಂಟೆ ಕಾಲ ಒಂದು ಮಗುವಿನ ಕಲಿಕೆಯನ್ನು ವಿಚಾರಿಸಿಕೊಂಡರೆ ಸಾಕು. ಕಸಬು ತಿಳಿಯದಿದ್ದರೂ ಚಿಂತೆಯಿಲ್ಲ. ನನಗೆ ಲೇತ್ ಯಂತ್ರದ ಗಂಧವೂ ಇಲ್ಲ. ಆದರೂ ಪ್ರತಿ ಶನಿವಾರ ಸಂಜೆ ಆ ಕಾರ್ಯಾಗಾರಕ್ಕೆ ಹೋಗುತ್ತೇನೆ, ದಿನಚರಿಯನ್ನು ಓದುತ್ತೇನೆ, ಅರ್ಥವಾಗದುದನ್ನು ಕೇಳುತ್ತೇನೆ. ನನಗೆ ತಿಳಿಸಿ ಹೇಳುವ ಶ್ರಮದಲ್ಲಿ ಅವರಿಗೇ ಅದು ಇನ್ನಷ್ಟು ಸ್ಪಷ್ಟವಾಗುತ್ತಿದೆ. ಯಾವ ದಿನದ ಪುಟದಲ್ಲಿ ಕಲಿಕೆಯ ಮಾತಿಲ್ಲವೋ ಅದನ್ನು ಶಿಷ್ಯನಿಗೆ ತೋರಿಸುತ್ತೇನೆ. ಈವರೆಗೆ ಮೂರು ಸಲ ತೋರಿಸಬೇಕಾಯಿತು. ಮೂರು ಸಲವೂ ಅವನು ತಲೆತಗ್ಗಿಸಿ ಒಪ್ಪಿಕೊಂಡನು. ಸಜ್ಜನನಿಗೂ ಕಾವಲು ಬೇಕೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಡ.

ಹೋದ ಶನಿವಾರ ಹುಡುಗಿಯ ಪುಸ್ತಕದಲ್ಲಿ ಹೀಗಿತ್ತು: “ಇಂದು ನಾನು ಕಡೆದ ತುಂಡು ಅಳತೆಗಿಂತ ಕೂದಲೆಳೆಯಷ್ಟು ಸಣ್ಣದಾಯಿತು. ಕೆಟ್ಟಿತು. ಏಕೆ ಕೆಟ್ಟಿತೆಂದು ಅಣ್ಣ ತೋರಿಸಿದರು. ಎರಡನೆಯದು ಸರಿಯಾಯಿತು.” ನಾನು ಅದರ ಕೆಳಗೆ ತಾರೀಖು ಬರೆದು ಸಹಿ ಹಾಕಿದೆನು.